‘ಅನ್‌ರೆಸ್ಟ್’ ಯಾರ ಶಬ್ದ?

ಇತಿಹಾಸದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯುಂಟು: ಭಾರತದ ಅಶಾಂತಿಯ ಜನಕ ಯಾರು? ಬಾಲ ಗಂಗಾಧರ ತಿಲಕ ಎಂದು ಬರೆದರೆ ಅಂಕ ಸಿಕ್ಕಿತು. ಆ ಬಿರುದು ಕೊಟ್ಟವರಾರು, ಅದು ಹೊಗಳಿಕೆಯೋ ಬೈಗುಳವೋ ಎಂದು ಕಮಲಾಪುರದ ಶಾಲೆಯಲ್ಲಾಗಲಿ ಕಲಬುರಗಿಯ ಕಾಲೇಜಿನಲ್ಲಾಗಲಿ ಕೇಳುವವರು ಕಡಿಮೆ. ಮಾಸ್ತರಿಕೆ ಮಾಡಿ ಬಂದವನಾದ್ದರಿಂದ ಈ ಮಾತು ಎತ್ತುತ್ತಿದ್ದೇನೆ.

ಬಿರುದು ಕೊಟ್ಟವನು ವ್ಯಾಲೆಂಟೈನ್ ಚಿರೋಲ್, ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿದೇಶ ವಿಭಾಗದ ಮುಖ್ಯಸ್ಥ. 1910ರಲ್ಲಿ ಅವನು ಆ ಪತ್ರಿಕೆಯಲ್ಲಿ ಸಾಲಾಗಿ ಲೇಖನಗಳನ್ನು ಬರೆದು, ಅದೇ ವರ್ಷ ಅವುಗಳನ್ನು ‘ಇಂಡಿಯನ್ ಅನ್‌ರೆಸ್ಟ್’ ಎಂಬ ಪುಸ್ತಕವಾಗಿ ಹೊರತಂದ. ತಿಲಕರು ಆಗ ಮಂಡಾಲೆಯ ಸೆರೆಮನೆಯಲ್ಲಿದ್ದರು. ಸೆರೆಯಲ್ಲಿದ್ದವನ ಮೇಲೆ ಹೊರಗಿನವನು ಲೇಖನಿ ಝಳಪಿಸುವುದು ಸುಲಭದ ಶೌರ್ಯ.

ನನ್ನ ಇಂಗ್ಲಿಷು ಮೆಟ್ರಿಕ್ಕಿನದು. ಈ ಶಬ್ದದ ಚಮತ್ಕಾರ ತಿಳಿಯಲು ಅಷ್ಟು ಸಾಕು. ರೆಸ್ಟ್ ಎಂದರೆ ನೆಮ್ಮದಿ, ಅದಿಲ್ಲದ್ದು ಅನ್‌ರೆಸ್ಟ್. ಜ್ವರ ಬಂದವನು ಹಾಸಿಗೆಯಲ್ಲಿ ಹೊರಳಾಡಿದರೆ ಅದೂ ಅನ್‌ರೆಸ್ಟ್. ಜ್ವರವೇಕೆ ಬಂತು ಎಂದು ಆ ಶಬ್ದ ಹೇಳುವುದಿಲ್ಲ. 1905ರಲ್ಲಿ ಬಂಗಾಳವನ್ನು ಇಬ್ಭಾಗ ಮಾಡಿದವರು, ಕಂದಾಯ ಎಳೆದವರು, ಪತ್ರಿಕೆಗಳ ಬಾಯಿ ಕಟ್ಟಿದವರು, ಎಲ್ಲರೂ ಅದರೊಳಗೆ ಮಾಯ! ಉಳಿಯುವುದು ಒಂದೇ ಚಿತ್ರ: ದೇಶ ನೆಮ್ಮದಿಯಾಗಿ ಮಲಗಿತ್ತು, ಯಾರೋ ಬಂದು ಕೆದಕಿದರು.

1908ರ ಜುಲೈ 22ರಂದು ‘ಕೇಸರಿ’ಯ ಲೇಖನಗಳಿಗಾಗಿ ಮುಂಬಯಿ ಹೈಕೋರ್ಟು ತಿಲಕರಿಗೆ ಆರು ವರ್ಷ ಗಡೀಪಾರು ವಿಧಿಸಿತು. ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಕೆಲಸ ನಿಲ್ಲಿಸಿದರು. ಗುಂಡು ಹಾರಿತು, ಜನ ಸತ್ತರು. ದೂರದ ಯುರೋಪಿನಲ್ಲಿ ದೇಶಭ್ರಷ್ಟರಾಗಿದ್ದ ಲೆನಿನ್ ಅದೇ ವರ್ಷ ಇದನ್ನು ಗುರುತಿಸಿ, ಭಾರತದ ಕಾರ್ಮಿಕ ವರ್ಗ ರಾಜಕೀಯ ಹೋರಾಟಕ್ಕೆ ಎದ್ದಿದೆ ಎಂದು ಬರೆದರು. ಚಿರೋಲನ ಶಬ್ದದಲ್ಲಿ ಅದೂ ಅನ್‌ರೆಸ್ಟೇ.

ತಿಲಕರ ಸಾಮಾಜಿಕ ವಿಚಾರಗಳೆಲ್ಲ ನಮಗೆ ಒಪ್ಪಿಗೆಯಲ್ಲ. ಬಾಲೆಯರ ರಕ್ಷಣೆಗೆಂದು 1891ರಲ್ಲಿ ಬಂದ ಸಮ್ಮತಿ ವಯಸ್ಸಿನ ಕಾಯಿದೆಯನ್ನು ಅವರು ವಿರೋಧಿಸಿದ್ದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಾರ್ಮಿಕನ ಸಿಟ್ಟಿಗೆ ಅಪ್ಪನೊಬ್ಬನನ್ನು ಹುಡುಕುವುದು ಪೊಲೀಸರ ಕೆಲಸ, ಪತ್ರಿಕೆಯದಲ್ಲ. ಚಿರೋಲನ ಮೇಲೆ ತಿಲಕರು ಲಂಡನ್ನಿನಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಅವರು 1919ರಲ್ಲಿ ಸೋತರು.

ಸ್ವಾರಸ್ಯವಿರುವುದು ಮುಂದೆ. ಮರಾಠಿಗರು ಈ ಬೈಗುಳವನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ತಿಲಕರನ್ನು ‘ಅಸಂತೋಷದ ಜನಕ’ ಎಂದರು. ಅಸಂತೋಷವೆಂದರೆ ಅಸಮಾಧಾನ. ಅಸಮಾಧಾನ ಎಂದೊಡನೆ ಯಾತಕ್ಕೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಕನ್ನಡದಲ್ಲಿ ನಾವು ಹೆಚ್ಚಾಗಿ ‘ಅಶಾಂತಿ’ ಎಂದೆವು. ಶಾಂತಿ ಕೆಡಿಸಿದವನು ಎಂದೊಡನೆ ಬರುವ ಪ್ರಶ್ನೆ ಬೇರೆ: ಯಾವ ಕಲಮಿನಲ್ಲಿ ಹಿಡಿಯಬೇಕು? ಬಿಳಿಯ ದೊರೆ ಹೋದ. ಅವನ ತೀರ್ಪು ನಮ್ಮ ಹುಡುಗರ ಉತ್ತರ ಪತ್ರಿಕೆಯಲ್ಲಿ ಕೂತಿದೆ.

ಕಲಬುರಗಿಯವರಿಗೆ ಇಂಥ ಇನ್ನೊಂದು ಶಬ್ದ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಸಂಸ್ಥಾನಕ್ಕೆ ಬಂದದ್ದು ಸೈನ್ಯ, ರಣಗಾಡಿಗಳ ಸಮೇತ; ಹೆಸರು ಮಾತ್ರ ‘ಪೊಲೀಸ್ ಆಕ್ಷನ್’. ಮುದುಕರು ಇಂದಿಗೂ ಹಾಗೆಯೇ ಅನ್ನುತ್ತಾರೆ.

ಇವತ್ತಿನ ಪತ್ರಿಕೆ ತೆರೆಯಿರಿ. ಗಂಜಿನಲ್ಲಿ ತೊಗರಿಯ ದರ ಬಿದ್ದು, ಕಮಲಾಪುರದ ರೈತರು ಹುಮನಾಬಾದ ರಸ್ತೆಯಲ್ಲಿ ಕುಳಿತರೆನ್ನಿ. ಮರುದಿನದ ತಲೆಬರಹ ಏನಿರುತ್ತದೆಂದು ನಿಮಗೆ ಗೊತ್ತು: ‘ರಸ್ತೆ ತಡೆ, ಪ್ರಯಾಣಿಕರ ಪರದಾಟ’. ಬಸ್ಸು ಎಷ್ಟು ತಾಸು ನಿಂತಿತೆಂಬ ಲೆಕ್ಕ ಇರುತ್ತದೆ. ಕ್ವಿಂಟಲಿಗೆ ಎಷ್ಟು ಕಳೆದುಕೊಂಡರೆಂಬ ಲೆಕ್ಕ ಕೊನೆಯ ಸಾಲಿನಲ್ಲಿದ್ದರೆ ಪುಣ್ಯ. ವರದಿಗಾರ ಮಿತ್ರರಲ್ಲಿ ಒಂದೇ ಬೇಡಿಕೆ: ಅಂದಿನ ಗಂಜಿನ ದರ, ಸರಕಾರದ ಬೆಂಬಲ ಬೆಲೆ, ಎರಡನ್ನೂ ಮೊದಲ ಸಾಲಿನಲ್ಲಿ ಹಾಕಿರಿ, ಬಸ್ಸಿನ ಸುದ್ದಿ ಆಮೇಲೆ ಬರಲಿ. ಮಾಸ್ತರ ಬಂಧುಗಳು ‘ಅಸಮಾಧಾನ’ ಎಂದು ಬರೆದ ಹುಡುಗನಿಗೂ ಆ ಒಂದು ಅಂಕ ಕೊಡಲಿ.