ಹಿರಿಯ ರಕ್ಷಣಾ ಆಟಗಾರನಿಗೆ ಬೆಲೆ ಕಟ್ಟುವವರಾರು?

2025ರ ಬೇಸಿಗೆಯಲ್ಲಿ ಬ್ರೆಂಟ್ ಬರ್ನ್ಸ್ ಎಂಬ ನಲವತ್ತು ವರ್ಷದ ಐಸ್ ಹಾಕಿ ಆಟಗಾರ ಅಮೆರಿಕದ ಕೊಲರಾಡೊ ಅವಲಾಂಚ್ ತಂಡದೊಡನೆ ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಆಗಷ್ಟೇ ಮುಗಿದಿದ್ದ ಎಂಟು ವರ್ಷಗಳ ಒಪ್ಪಂದದಲ್ಲಿ ಅವರ ಸರಾಸರಿ ವಾರ್ಷಿಕ ವೇತನ 80 ಲಕ್ಷ ಡಾಲರ್. ಈ ಬಾರಿ ಒಪ್ಪಿಕೊಂಡ ಮೂಲ ವೇತನ 10 ಲಕ್ಷ. ಮಿಕ್ಕದ್ದು ಷರತ್ತಿಗೊಳಪಟ್ಟ ಬೋನಸ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಆಡಿಯೂ ಸ್ಟಾನ್ಲಿ ಕಪ್ ಗೆಲ್ಲದ ಆಟಗಾರ ಕೊನೆಯ ಅವಕಾಶಕ್ಕಾಗಿ ಹಣವನ್ನು ತೊರೆದರು ಎಂದು ಇದನ್ನು ತ್ಯಾಗದ ಕಥೆಯಾಗಿ ಓದಬಹುದು. ನನಗೇಕೋ ಇದು ತ್ಯಾಗಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದ ಕಥೆ ಎನಿಸುತ್ತದೆ.

ಹುಲ್ಲಿನ ಮೇಲಿನ ಹಾಕಿಯನ್ನು ಬಲ್ಲ ನಮಗೆ ಈ ಆಟದ ರಕ್ಷಣಾ ಆಟಗಾರನ ಕಷ್ಟ ಒಮ್ಮೆಗೇ ಅರ್ಥವಾಗದು. ಗೋಲ್‌ಕೀಪರ್ ಹೊರತು ಐವರು ಮಂಜಿನ ಮೇಲಿರುತ್ತಾರೆ. ಅವರಲ್ಲಿ ಸಾಮಾನ್ಯವಾಗಿ ಇಬ್ಬರದು ರಕ್ಷಣೆಯ ಹೊಣೆ. ಎದುರಾಳಿ ಮುನ್ನುಗ್ಗಿ ಬರುವಾಗ ಇವರು ಅವನತ್ತ ಮುಖ ಮಾಡಿಕೊಂಡೇ ಹಿಮ್ಮುಖವಾಗಿ ಜಾರಬೇಕು, ತಕ್ಕ ಗಳಿಗೆಯಲ್ಲಿ ಗಿರಕ್ಕನೆ ತಿರುಗಬೇಕು. ವಯಸ್ಸು ಮೊದಲು ಕದಿಯುವುದು ಈ ತಿರುವನ್ನೇ. ಪಕ್ ಎಲ್ಲಿಗೆ ಬರಲಿದೆ ಎಂಬುದನ್ನು ಮುಂಚಿತವಾಗಿ ಗ್ರಹಿಸಿ ಆ ದಾರಿಯಲ್ಲಿ ನಿಲ್ಲುವ ವಿವೇಕ ಮಾತ್ರ ಬಹುಕಾಲ ಉಳಿಯುತ್ತದೆ. ಹಿಂದೆ ಮುದಿ ಕಾಲುಗಳ ಕೊರತೆಯನ್ನು ಕೋಲಿನಿಂದ ಕೊಕ್ಕೆ ಹಾಕಿಯೋ ಎದುರಾಳಿಯ ಅಂಗಿ ಹಿಡಿದೋ ಸ್ವಲ್ಪಮಟ್ಟಿಗೆ ಮುಚ್ಚಿಕೊಳ್ಳಬಹುದಿತ್ತು. 2005ರಿಂದ ನ್ಯಾಷನಲ್ ಹಾಕಿ ಲೀಗ್ ಇಂಥ ಅಡ್ಡಿಗಳನ್ನು ಬಿಗಿಯಾಗಿ ದಂಡಿಸತೊಡಗಿತು. ಉದ್ದನೆಯ ಪಾಸ್‌ಗಳಿಗಿದ್ದ ನಿರ್ಬಂಧವನ್ನೂ ತೆಗೆಯಿತು. ಆಟ ಚುರುಕಾಯಿತು, ಹಿರಿಯರ ಕೈಯಲ್ಲಿದ್ದ ಹಳೆಯ ಉಪಾಯಗಳು ಹೋದವು.

ಇದಕ್ಕೆ ಮುಂಚಿನ ಕಾಲದ ರೇ ಬೋರ್ಕ್ ಅವರನ್ನು ನೆನೆಯಬೇಕು. 1979ರಿಂದ ಬಾಸ್ಟನ್ ಬ್ರುಯಿನ್ಸ್ ತಂಡದಲ್ಲೇ ಇದ್ದ ಅವರು 2000ದ ಮಾರ್ಚ್‌ನಲ್ಲಿ, 39ನೆಯ ವಯಸ್ಸಿನಲ್ಲಿ, ತಾವಾಗಿಯೇ ಬಿಡುಗಡೆ ಕೇಳಿ ಕೊಲರಾಡೊಗೆ ಹೋದರು. 2001ರ ಜೂನ್ 9ರಂದು ನ್ಯೂಜೆರ್ಸಿ ವಿರುದ್ಧದ ಏಳನೆಯ ಪಂದ್ಯವನ್ನು ಕೊಲರಾಡೊ 3–1ರಿಂದ ಗೆದ್ದಾಗ, ವಾಡಿಕೆಯಂತೆ ಮೊದಲು ಕಪ್ ಎತ್ತಬೇಕಿದ್ದ ನಾಯಕ ಜೋ ಸಾಕಿಕ್ ಅದನ್ನು ನೇರವಾಗಿ ಬೋರ್ಕ್ ಕೈಗಿತ್ತರು. ಕೆಲವೇ ದಿನಗಳಲ್ಲಿ ಬೋರ್ಕ್ ಆ ಕಪ್ಪನ್ನು ಬಾಸ್ಟನ್ನಿಗೆ ಒಯ್ದರು. ತಮ್ಮ ಊರಿನ ತಂಡ ಗೆಲ್ಲದ ಕಪ್ಪನ್ನು ನೋಡಲು ಸಾವಿರಾರು ಜನ ಸೇರಿದರು. ಬಿಟ್ಟುಹೋದವನನ್ನು ಊರು ಹೀಗೆ ಬರಮಾಡಿಕೊಳ್ಳುವುದು ಅಪರೂಪ. ಆ ವರ್ಷವೂ ಬೋರ್ಕ್ ಲೀಗ್‌ನ ಮೊದಲ ಆಲ್‌ಸ್ಟಾರ್ ತಂಡದಲ್ಲಿದ್ದರೆಂಬುದನ್ನು ಮರೆಯಬಾರದು. ಅವರು ಹೋದದ್ದು ತಮ್ಮ ಇಚ್ಛೆಯಿಂದ, ನಿವೃತ್ತರಾದದ್ದೂ ತಮ್ಮ ಇಚ್ಛೆಯಿಂದ.

2004–05ರ ಇಡೀ ಋತುವನ್ನು ನುಂಗಿದ ಬೀಗಮುದ್ರೆಯ ನಂತರ ಪರಿಸ್ಥಿತಿ ಬದಲಾಯಿತು. ಪ್ರತಿ ತಂಡದ ವೇತನ ವೆಚ್ಚಕ್ಕೆ ಮಿತಿ ಬಂತು: ಮೊದಲ ವರ್ಷ 3.9 ಕೋಟಿ ಡಾಲರ್, 2025–26ರಲ್ಲಿ 9.55 ಕೋಟಿ. ಜೊತೆಗೆ ಹೆಚ್ಚು ಚರ್ಚೆಯಾಗದ ಇನ್ನೊಂದು ನಿಯಮವೂ ಬಂತು. 35 ದಾಟಿದವನಿಗೆ ಹಲವು ವರ್ಷಗಳ ಒಪ್ಪಂದ ಕೊಟ್ಟರೆ, ಅವನು ನಡುವೆಯೇ ನಿವೃತ್ತನಾದರೂ ಅವನ ಹೆಸರಿನ ಮೊತ್ತ ತಂಡದ ಮಿತಿಯಲ್ಲೇ ಉಳಿಯುತ್ತಿತ್ತು. ಮಿತಿಯನ್ನು ವಂಚಿಸಲೆಂದೇ ಸುದೀರ್ಘ ಒಪ್ಪಂದ ಬರೆಯುವುದನ್ನು ತಡೆಯಲು ಇದು ಬೇಕಿತ್ತು, ನಿಜ. ಆದರೆ ಪರಿಣಾಮವೇನು? ಹಿರಿಯನಿಗೆ ಎರಡನೆಯ ವರ್ಷದ ಭರವಸೆ ಕೊಡುವುದೇ ತಂಡಕ್ಕೆ ಅಪಾಯದ ಮಾತಾಯಿತು. ಒಂದೇ ವರ್ಷದ ಒಪ್ಪಂದ, ಕಡಿಮೆ ಮೂಲ ವೇತನ, ಆಡಿದಷ್ಟಕ್ಕೆ ಬೋನಸ್ ಎಂಬುದು ರೂಢಿಯಾಯಿತು. ಮೊಣಕಾಲು ಕೈಕೊಟ್ಟರೆ ನಷ್ಟ ಅವನದೇ.

ಇಲ್ಲಿ ಮಾಲೀಕರನ್ನಷ್ಟೇ ದೂಷಿಸಿದರೆ ಅರ್ಧಸತ್ಯವಾದೀತು. ಲೀಗ್‌ನ ಆದಾಯದಲ್ಲಿ ಆಟಗಾರರ ಒಟ್ಟು ಪಾಲು 2013ರ ಒಪ್ಪಂದದಿಂದೀಚೆಗೆ ಅರ್ಧದಷ್ಟೆಂದು ನಿಗದಿಯಾಗಿದೆ. ಬರ್ನ್ಸ್ ಬಿಟ್ಟುಕೊಟ್ಟ ಹಣ ಮಾಲೀಕರ ತಿಜೋರಿಗಿಂತ ಹೆಚ್ಚಾಗಿ ಸಹ ಆಟಗಾರರ ಜೇಬಿಗೇ ಹೋಗುತ್ತದೆ. ಅಂದರೆ ಹಿರಿಯರ ಅನಿಶ್ಚಿತತೆಯ ಮೇಲೆ ಕಿರಿಯರ ಭದ್ರತೆ ನಿಂತಿದೆ. ಆಟಗಾರರ ಸಂಘವೂ ಒಪ್ಪಿ ಸಹಿ ಹಾಕಿದ ವ್ಯವಸ್ಥೆ ಇದು ಎಂಬುದು ನನ್ನ ಮಟ್ಟಿಗೆ ಹೆಚ್ಚು ಕಸಿವಿಸಿಯ ಸಂಗತಿ.

ಈ ವ್ಯವಸ್ಥೆಯ ಮುಖ ಕಾಣಬೇಕಾದರೆ ಮತ್ತೆ ಬಾಸ್ಟನ್ನಿಗೇ ಹೋಗಬೇಕು. ಸ್ಲೊವಾಕಿಯಾದ ಆರು ಅಡಿ ಒಂಬತ್ತು ಅಂಗುಲದ ಜ್ಡೆನೊ ಚಾರಾ 14 ಋತು ಅಲ್ಲಿ ನಾಯಕರಾಗಿದ್ದರು. 2011ರಲ್ಲಿ, 39 ವರ್ಷಗಳ ನಂತರ, ಆ ಊರಿಗೆ ಕಪ್ ತಂದುಕೊಟ್ಟರು. 2019ರ ಅಂತಿಮ ಸರಣಿಯಲ್ಲಿ ದವಡೆ ಮುರಿದರೂ ಮುಂದಿನ ಪಂದ್ಯಕ್ಕೆ ಇಳಿದರು. 2020ರ ಕೊನೆಗೆ ತಂಡ ಕಿರಿಯರಿಗೆ ದಾರಿ ಮಾಡಿ, 43ರ ಚಾರಾಗೆ ಸಣ್ಣ ಪಾತ್ರವನ್ನಷ್ಟೇ ಮುಂದಿಟ್ಟಿತು. ಅವರು 7,95,000 ಡಾಲರಿಗೆ ವಾಷಿಂಗ್ಟನ್ ಸೇರಿದರು. ಆಟದ ಲೆಕ್ಕದಲ್ಲಿ ಬಾಸ್ಟನ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅವರ ವೇಗ ಕುಗ್ಗಿದ್ದು ಸ್ಪಷ್ಟವಿತ್ತು. ಆದರೆ ಇನ್ನು ಆಡಲಾರರು ಎಂಬ ತೀರ್ಮಾನವನ್ನು ಅವರು ಒಪ್ಪಲಿಲ್ಲ. ಇನ್ನೂ ಎರಡು ಋತು ಆಡಿದರು. 2022ರ ಫೆಬ್ರುವರಿಯಲ್ಲಿ ಕ್ರಿಸ್ ಚೆಲಿಯೊಸ್ ಅವರ 1,651 ಪಂದ್ಯಗಳ ದಾಖಲೆಯನ್ನು ದಾಟಿ, 1,680ಕ್ಕೆ ನಿಂತರು. ಯಾವ ರಕ್ಷಣಾ ಆಟಗಾರನೂ ಅದುವರೆಗೆ ಅಷ್ಟು ಆಡಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 20ರಂದು ಬಾಸ್ಟನ್ ತಂಡ ಅವರನ್ನು ಕರೆಸಿಕೊಂಡು ಒಂದು ದಿನದ ಒಪ್ಪಂದಕ್ಕೆ ಸಹಿ ಹಾಕಿಸಿತು. ಬ್ರುಯಿನ್ಸ್ ಆಟಗಾರನಾಗಿಯೇ ಅವರು ಅಂದು ನಿವೃತ್ತಿ ಘೋಷಿಸಿದರು.