ಹತ್ತೂ ಜನ ನಿದ್ದೆ ಹೋಗಿದ್ದರು

“ಪಿಎಫ್ ಯಾಕ ಕಟ್ತೀ ಅಣ್ಣಾ? ಇನ್ನ ಎಷ್ಟ ದಿನ ಐತಿ?”

ಕಳೆದ ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ನನ್ನ ಕಾಕನ ಮಗ ಕೇಳಿದ ಪ್ರಶ್ನೆ ಇದು. ತಮಾಷೆಗೆ ಕೇಳಿದ್ದಲ್ಲ. ಹುಡುಗ ಬಿ.ಕಾಂ. ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಒಂದು ಪ್ರಾರ್ಥನಾ ಗುಂಪು ಸೇರಿದ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ದಿನವಿಡೀ ಫೋನು, ಫೋನಿನ ತುಂಬ ಯುದ್ಧ, ಭೂಕಂಪ, ಹೊಸ ಕಾಯಿಲೆಗಳ ವಿಡಿಯೋ. ಎಲ್ಲವೂ ‘ಕಡೇ ದಿನಗಳ ಗುರುತು’. ಚಿಗವ್ವನ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ತೆಗೆದಿಟ್ಟಿದ್ದ ದುಡ್ಡನ್ನೂ ಆ ಗುಂಪಿಗೆ ಕೊಟ್ಟು ಬಂದಿದ್ದಾನೆ. ಕರ್ತನು ಬಂದಾಗ ಅವ್ವನ ಕಣ್ಣು ತಾನಾಗಿಯೇ ಸರಿಹೋಗುತ್ತಂತೆ.

ನಮ್ಮದು ಗದಗ ಕಡೆಯ ಹಳ್ಳಿ. ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು. ಯೇಸು ಮತ್ತೆ ಬರುತ್ತಾನೆ ಅನ್ನೋದಕ್ಕೆ ನಮ್ಮ ಚರ್ಚಿನ ಕನ್ನಡದಲ್ಲಿ ‘ಬರೋಣ’ ಅಂತ ಹೆಸರು. ನಿಮಗೆ ಬರೋಣ ಅಂದ್ರೆ ‘ಹೋಗಿ ಬರೋಣ’ದ ಬರೋಣ, ನಮಗೆ ಅದು ನಾಮಪದ. ನಾನೂ ಅದನ್ನ ನಂಬ್ತೀನಿ. ಹಾಗಾಗಿ ನನ್ನ ಜಗಳ ನಂಬಿಕೆಯ ಜೊತೆ ಅಲ್ಲ. ‘ಸಿದ್ಧವಾಗಿರಿ’ ಅನ್ನೋ ಮಾತನ್ನ ಭಯ ಮಾಡಿಕೊಂಡು ಮಾರ್ತಾರಲ್ಲ, ಅವರ ಜೊತೆ.

ಸಿದ್ಧತೆ ಅಂದ ಕೂಡಲೇ ಎಲ್ಲರೂ ಎತ್ತೋದು ಮತ್ತಾಯನ 25ನೇ ಅಧ್ಯಾಯದ ಹತ್ತು ಕನ್ಯೆಯರ ಕಥೆ. ದೀಪ ಹಿಡಿದು ಮದಲಿಂಗನಿಗೆ ಕಾಯ್ತಾ ಇದ್ದಾರೆ. ಐದು ಜನ ಬುದ್ಧಿವಂತರು, ಐದು ಜನ ದಡ್ಡರು. ಮದಲಿಂಗ ತಡ ಮಾಡ್ತಾನೆ. ಬೋಧಕರು ಈ ಕಥೆ ಹೇಳಿ ಎಚ್ಚರವಾಗಿರಿ, ಎಚ್ಚರವಾಗಿರಿ ಅಂತ ಕೂಗ್ತಾರೆ. ಸ್ವಲ್ಪ ನಿಧಾನಕ್ಕೆ ಓದಿ ನೋಡಿ. ಕಥೆಯಲ್ಲಿ ಹತ್ತೂ ಜನ ನಿದ್ದೆ ಹೋಗ್ತಾರೆ! ಬುದ್ಧಿವಂತರೂ ಮಲಗಿದ್ದರು, ಅವರನ್ನ ಯಾರೂ ಬೈಯಲಿಲ್ಲ. ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ.

ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗತ್ತೆ. ಯಾವಾಗ ಫೋನ್ ಬರತ್ತೋ ಅಂತ ವಾರವಿಡೀ ಲ್ಯಾಪ್‌ಟಾಪ್ ದಿಟ್ಟಿಸಿಕೊಂಡು ಕೂರೋನು ಒಳ್ಳೇ ಎಂಜಿನಿಯರ್ ಅಲ್ಲ. ಬ್ಯಾಕಪ್ ಆಗಿದೆಯಾ, ಅಲರ್ಟ್ ಕೆಲಸ ಮಾಡ್ತಿದೆಯಾ ಅಂತ ನೋಡಿಟ್ಟು ನೆಮ್ಮದಿಯಾಗಿ ಮಲಗೋನು ಒಳ್ಳೆಯವನು.

ದಿನಾಂಕ ಲೆಕ್ಕ ಹಾಕೋರ ಚರಿತ್ರೆ ದೊಡ್ಡದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ರೈತ-ಬೋಧಕನ ಮಾತು ಕೇಳಿ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಬೆಳೆ ಕೊಯ್ಯದೇ ಬಿಟ್ಟ ರೈತರಿದ್ದರು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ, ಆಮೇಲೆ ಅಕ್ಟೋಬರ್ 21 ಅಂದ. (ಓದಿದ್ದು ಸಿವಿಲ್ ಎಂಜಿನಿಯರಿಂಗ್. ನಮ್ಮವನೇ. ಡೆಡ್‌ಲೈನ್ ಮುಂದಕ್ಕೆ ಹಾಕೋದು ರಕ್ತದಲ್ಲೇ ಇರಬೇಕು.) ಅವನ ಮಾತು ನಂಬಿ ಜೀವಮಾನದ ಉಳಿತಾಯವನ್ನೇ ಜಾಹೀರಾತಿಗೆ ಸುರಿದವರಿದ್ದರು. ಮರುವರ್ಷ ಅವನು ತಪ್ಪಾಯ್ತು ಅಂತ ಒಪ್ಪಿಕೊಂಡ. ಸುರಿದ ದುಡ್ಡು ವಾಪಸ್ ಬರಲಿಲ್ಲ. ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದು ಅದೇ ಮತ್ತಾಯನಲ್ಲಿ ಒಂದು ಅಧ್ಯಾಯ ಹಿಂದೆ ಇದೆ. ಒಂದು ಪುಟ ತಿರುಗಿಸಿದ್ರೆ ಸಾಕಿತ್ತು.

ಇದೇ ಲೆಕ್ಕಾಚಾರದ ಒಂದು ತುದಿ ನಮ್ಮ ಕನ್ನಡಕ್ಕೂ ತಾಗತ್ತೆ. ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ 18ನೇ ಶತಮಾನದಲ್ಲಿ ಬೆಂಗೆಲ್ ಅಂತ ದೊಡ್ಡ ಪಂಡಿತ ಇದ್ದ. ಅವನ ಲೆಕ್ಕದಲ್ಲಿ ಕ್ರಿಸ್ತನ ಆಳ್ವಿಕೆ ಶುರುವಾಗಬೇಕಿದ್ದದ್ದು 1836ರಲ್ಲಿ. ಆ ನಾಡಿನ ಭಕ್ತರಲ್ಲಿ ಆ ಇಸವಿಗೆ ಭಾರೀ ಹೆಸರಿತ್ತು. ಬಾಸೆಲ್ ಮಿಶನ್ನಿಗೆ ಬಹಳಷ್ಟು ಜನ ಬಂದದ್ದೂ ಅದೇ ನಾಡಿನಿಂದ. 1836 ಬಂತು, ಆಕಾಶ ತೆರೆಯಲಿಲ್ಲ. ಆದರೆ ಅದೇ ವರ್ಷ ವುರ್ಟೆಂಬರ್ಗ್‌ನ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದಿಳಿದ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. 1853ರಲ್ಲಿ ಬಂದ ಕಿಟೆಲ್ ನಿಘಂಟು ಮುಗಿಸಿ ಅಚ್ಚು ಹಾಕಿಸುವಷ್ಟರಲ್ಲಿ 1894. ಈ ಜನ ಬರೋಣವನ್ನ ನಂಬ್ತಿರಲಿಲ್ವಾ? ಚೆನ್ನಾಗಿಯೇ ನಂಬ್ತಿದ್ದರು. ನಾಳೆಯೇ ಬರಬಹುದು ಅಂತ ಪ್ರಾರ್ಥನೆ ಮಾಡಿ, ಸೋಮವಾರ ಬೆಳಿಗ್ಗೆ ಎದ್ದು ಮುಂದಿನ ಅಕ್ಷರದ ಪದಗಳನ್ನ ಜೋಡಿಸ್ತಿದ್ದರು. ಅವರ ಎಲ್ಲಾ ಧೋರಣೆಗೂ ನಾನು ಜೈ ಅನ್ನಲ್ಲ. ಆದರೆ ಕಾಯೋದು ಹೇಗೆ ಅಂತ ಅವರಿಗೆ ಗೊತ್ತಿತ್ತು.

ಈ ರೋಗ ಹೊಸದೂ ಅಲ್ಲ. ಥೆಸಲೊನೀಕದ ಸಭೆಯಲ್ಲೇ ಕೆಲವರು ದುಡಿಮೆ ಬಿಟ್ಟು ಕೂತಿದ್ದರು. ಡೇರೆ ಮಾಡಿ ಹೊಟ್ಟೆ ಹೊರೀತಿದ್ದ ಪೌಲ ಅವರಿಗೆ ನೇರವಾಗಿ ಬರೆದ: ಕೆಲಸ ಮಾಡಲ್ಲ ಅನ್ನೋನಿಗೆ ಊಟನೂ ಬೇಡ.

ನಗಬೇಡಿ, ನಮ್ಮ ಆಫೀಸುಗಳಲ್ಲೂ ಇದೇ ನಡೀತಿದೆ. ಎಐ ಬಂತು, ಇನ್ನೆರಡು ವರ್ಷದಲ್ಲಿ ಎಲ್ಲ ಮುಗೀತು, ಇನ್ನು ಕಲಿತು ಏನು ಮಾಡೋದು ಅಂತ ಕ್ಯಾಂಟೀನಿನಲ್ಲಿ ಕೂತಿರೋರು ನನ್ನ ತಮ್ಮನಿಗಿಂತ ಬೇರೆ ಅಂತ ನನಗನ್ನಿಸಲ್ಲ.

ತಮ್ಮನಿಗೆ ನಾನು ಮತ್ತಾಯನ 25ನೇ ಅಧ್ಯಾಯವನ್ನೇ ಕೊನೇವರೆಗೂ ಓದು ಅಂದೆ. ಅಲ್ಲಿ ಅರಸ ಬಂದು ಕೂತಾಗ ಯಾರಿಗೂ ಗುರುತುಗಳ ಬಗ್ಗೆ ಪರೀಕ್ಷೆ ಇಡಲ್ಲ. ಹಸಿದಿದ್ದೆ, ಊಟ ಕೊಟ್ಟಿರಾ? ಕಾಯಿಲೆ ಬಿದ್ದಿದ್ದೆ, ನೋಡೋಕೆ ಬಂದಿರಾ? ಇಷ್ಟೇ ಪ್ರಶ್ನೆ. ಪಾಸಾದವರಿಗೆ ತಾವು ಅವನಿಗೇ ಮಾಡಿದ್ದು ಅಂತಲೂ ಗೊತ್ತಿರಲ್ಲ. ನಿನ್ನ ಅವ್ವ ಬೈಬಲ್ಲನ್ನ ಮೂಗಿಗೆ ತಾಗಿಸಿಕೊಂಡು ಓದ್ತಾ ಇದ್ದಾಳೆ, ಈಗ ಅದೂ ಆಗ್ತಿಲ್ಲ. ಅರಸ ನಿನ್ನನ್ನ ಏನು ಕೇಳ್ತಾನೆ ಅಂದ್ಕೊಂಡಿದ್ದೀ? ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅವನು ಎದ್ದು ಹೊರಗೆ ಹೋದ. ಚಿಗವ್ವ ಮಾತ್ರ “ಬೈಬ್ಯಾಡಪಾ, ಹೆದರ‍್ಯಾನ ಅವ” ಅಂದಳು. ನನಗೆ ಅದು ಅಲ್ಲಿವರೆಗೂ ಹೊಳೆದಿರಲಿಲ್ಲ.

ಆಪರೇಷನ್ ಬರೋ ಮಂಗಳವಾರ. ದುಡ್ಡು ನಾನು ಹೊಂದಿಸಿದ್ದೀನಿ. ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿ, ಅವ್ವನ ಜೊತೆ ಆಸ್ಪತ್ರೆಯಲ್ಲಿ ಒಂದಿನ ಇರೋಕೆ ಬರ್ತೀಯಾ ಅಂತ ಕೇಳಿದೆ.

“ನೋಡೂಣು ಅಣ್ಣಾ” ಅಂದ.