ಅಶ್ವಶಕ್ತಿಯ ಅಮಲು, ಚಕ್ರದಡಿಯ ನೆಲ

ಯಂತ್ರದ ಬಲವನ್ನೆಲ್ಲ ಎಂಜಿನ್ನಿನಲ್ಲೇ ಹುಡುಕುವುದು ಈ ಕಾಲದ ದೊಡ್ಡ ಮೂಢನಂಬಿಕೆ. ಎಷ್ಟು ಅಶ್ವಶಕ್ತಿ, ಎಷ್ಟು ಗೇರು, ಎಷ್ಟು ವೇಗ ಎಂಬ ಪ್ರಶ್ನೆಗಳು ಬೆಂಗಳೂರಿನ ಸ್ಪೋರ್ಟ್ಸ್ ಕಾರಿನ ಮಳಿಗೆಯಲ್ಲಿಯೂ ಕೇಳಿಬರುತ್ತವೆ, ಬೀದರ್ ಜಿಲ್ಲೆಯ ಟ್ರ್ಯಾಕ್ಟರ್ ಮಳಿಗೆಯಲ್ಲಿಯೂ ಕೇಳಿಬರುತ್ತವೆ. ಆ ಶಕ್ತಿಯೆಲ್ಲ ನೆಲವನ್ನು ಮುಟ್ಟುವುದು ಎಷ್ಟು ಜಾಗದಲ್ಲಿ, ಎಂಥ ಟೈರಿನ ಮೂಲಕ, ಯಾರ ಕಾಲಿನ ಹತೋಟಿಯಲ್ಲಿ ಎಂದು ಕೇಳುವವರು ವಿರಳ. ಆ ಪ್ರಶ್ನೆ ಕೇಳದೆ ಕೊಂಡ ಯಂತ್ರವು ಭಾಲ್ಕಿ ತಾಲೂಕಿನ ಭಾತಂಬ್ರಾದಂಥ ಊರುಗಳ ಎರೆಭೂಮಿಯನ್ನು ಒಳಗಿಂದೊಳಗೇ ಗಟ್ಟಿಗೊಳಿಸುತ್ತದೆ. ಗುಡ್ಡದ ಇಳಿಜಾರುಗಳಲ್ಲಿ ಕೊರಕಲು ತೆರೆಯುತ್ತದೆ. ಇದರ ಬೆಲೆಯನ್ನು ತೆರುವವನು ಯಂತ್ರ ಮಾರಿದವನಲ್ಲ, ನೆಲ ನಂಬಿ ಬದುಕುವವನು.

ನಾಲ್ಕು ಅಂಗೈಗಳ ಆಧಾರ

ಕಾರು ಪಂದ್ಯದ ಲೋಕ ಇಂಧನ ಸುಡುವ ವಿಲಾಸದ ಲೋಕ. ಅದನ್ನು ಹೊಗಳುವ ಅಗತ್ಯ ಪರಿಸರ ಚಳವಳಿಗೆ ಇಲ್ಲ. ಆದರೂ ಆ ಲೋಕ ಕಲಿತಿರುವ ಒಂದು ಪಾಠವನ್ನು ಹೊಲದ ಲೋಕ ಇನ್ನೂ ಕಲಿಯಬೇಕಾಗಿದೆ. 1,200 ಕಿಲೋ ತೂಕದ ಕಾರಿನ ಪ್ರತಿ ಚಕ್ರದ ಮೇಲೆ ಸರಾಸರಿ 300 ಕಿಲೋ ಭಾರ ಬೀಳುತ್ತದೆ. ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡದ ಗಾಳಿಯಿದ್ದರೆ, ಒಂದು ಚಕ್ರ ನೆಲವನ್ನು ಮುಟ್ಟುವ ಜಾಗ ಸುಮಾರು 140 ಚದರ ಸೆಂಟಿಮೀಟರು. ಅದು ಬೆರಳು ಸೇರಿಸಿ ಚಾಚಿದ ಒಂದು ಅಂಗೈಯಷ್ಟು. ವೇಗ ಏರಿಸುವುದು, ನಿಲ್ಲಿಸುವುದು, ತಿರುಗಿಸುವುದು ಈ ಮೂರೂ ಕೆಲಸಗಳು ಅಂಥ ನಾಲ್ಕು ಅಂಗೈಗಳ ಹಿಡಿತದಲ್ಲೇ ನಡೆಯಬೇಕು.

ಈ ಹಿಡಿತಕ್ಕೆ ಮಿತಿಯಿದೆ. ತಿರುವಿನಲ್ಲಿ ಅದನ್ನೆಲ್ಲ ವ್ಯಯಿಸಿದ ಚಾಲಕನಿಗೆ ಬ್ರೇಕು ಹಾಕಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ನುರಿತವನು ತಿರುವಿಗೆ ಮೊದಲೇ ವೇಗ ತಗ್ಗಿಸುತ್ತಾನೆ, ತಿರುವಿನೊಳಗೆ ಸ್ಟಿಯರಿಂಗನ್ನು ಜಗ್ಗಾಡುವುದಿಲ್ಲ, ವಾಹನ ನೇರವಾದ ಮೇಲೆಯೇ ಆಕ್ಸಿಲರೇಟರನ್ನು ಒತ್ತುತ್ತಾನೆ. ಬ್ರೇಕು ತುಳಿದಾಗ ಭಾರ ಮುಂಚಕ್ರಗಳ ಕಡೆಗೆ, ವೇಗ ಏರಿಸಿದಾಗ ಹಿಂಚಕ್ರಗಳ ಕಡೆಗೆ, ತಿರುಗಿದಾಗ ತಿರುವಿನ ಹೊರಬದಿಗೆ ಸರಿಯುತ್ತದೆ. ಈ ಸರಿದಾಟವನ್ನು ಮೆಲ್ಲಗೆ ನಡೆಸುವುದೇ ಚಾಲನೆಯ ವಿದ್ಯೆ. ಟೈರಿನ ಆಯ್ಕೆ ಇದರ ಇನ್ನೊಂದು ಅರ್ಧ. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ಪಂದ್ಯಗಳು ನಡೆದಾಗ ಕೋಟ್ಯಧಿಪತಿ ತಂಡಗಳು ಮೂರ್ನಾಲ್ಕು ಸೆಕೆಂಡುಗಳಲ್ಲಿ ನಾಲ್ಕೂ ಚಕ್ರ ಬದಲಾಯಿಸುವುದನ್ನು ದೇಶ ಟೀವಿಯಲ್ಲಿ ನೋಡಿತು. ಒಣ ರಸ್ತೆಗೆ ನುಣುಪಾದ ಟೈರು, ಮಳೆ ಬಂದರೆ ನೀರನ್ನು ಬದಿಗೆ ತಳ್ಳುವ ಆಳ ಗೀರುಗಳ ಟೈರು. ಒಣ ನೆಲದಲ್ಲಿ ಗೆಲ್ಲಿಸುವ ಅದೇ ನುಣುಪು ಟೈರು ಮಳೆನೀರಿನ ಮೇಲೆ ವಾಹನವನ್ನು ತೇಲಿಸಿ ಜಾರಿಸುತ್ತದೆ. ನೆಲಕ್ಕೆ ತಕ್ಕ ಟೈರು, ಟೈರಿಗೆ ತಕ್ಕ ಕಾಲು: ಮನರಂಜನೆಯ ಉದ್ಯಮಕ್ಕೆ ಇಷ್ಟು ವಿವೇಕ ಇದೆಯಾದರೆ ಅನ್ನದ ಉದ್ಯೋಗಕ್ಕೆ ಏಕಿಲ್ಲ?

ಹದ ಮರೆತ ಚಕ್ರ

ಬೀದರ್ ಪಟ್ಟಣ ಜಂಬಿಟ್ಟಿಗೆ ಹೊದ್ದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಭಾಲ್ಕಿ, ಔರಾದ್ ಕಡೆಗೆ ಹೋದಂತೆ ಕಪ್ಪುಶಿಲೆಯಿಂದ ಹುಟ್ಟಿದ ಎರೆಭೂಮಿ ಹರಡಿಕೊಳ್ಳುತ್ತದೆ. ಹಳೆಯ ಕೋಟೆಯ ಊರಾದ ಭಾತಂಬ್ರಾದ ಸುತ್ತ ತೊಗರಿ, ಸೋಯಾ ಅವರೆ, ಉದ್ದು, ಹೆಸರು, ಜೋಳ, ಕಬ್ಬು ಬೆಳೆಯುವ ನೆಲ ಇದು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಕೀಳಲಾಗದಷ್ಟು ಜಿಗುಟು. ಇವೆರಡರ ನಡುವೆ ಬರುವ ಕೆಲವೇ ದಿನಗಳಿಗೆ ರೈತರು ಇಟ್ಟ ಹೆಸರು ‘ಹದ’. ಎತ್ತಿನ ಬೇಸಾಯ ಹದಕ್ಕಾಗಿ ಕಾಯುತ್ತಿತ್ತು. ಬಾಡಿಗೆಯ ಟ್ರ್ಯಾಕ್ಟರು ಕಾಯುವುದಿಲ್ಲ. ಗಂಟೆಯ ಲೆಕ್ಕ, ಎಕರೆಯ ಲೆಕ್ಕ, ಬ್ಯಾಂಕಿನ ಕಂತಿನ ಲೆಕ್ಕ ಅದರ ಬೆನ್ನ ಮೇಲಿವೆ. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ಇನ್ನೂ ಮೆತ್ತಗಿರುವಾಗಲೇ ಅದು ಹೊಲಕ್ಕಿಳಿಯುತ್ತದೆ.

ಆಗ ನಡೆಯುವುದೇನು? ಸುಮಾರು ಎರಡು ಟನ್ ತೂಕದ ಟ್ರ್ಯಾಕ್ಟರಿನ ಪ್ರತಿ ಹಿಂಚಕ್ರದ ಮೇಲೆ ಆರೂವರೆ ಕ್ವಿಂಟಾಲಿನಷ್ಟು ಭಾರವಿರುತ್ತದೆ ಎಂದುಕೊಳ್ಳೋಣ. ಟೈರಿನ ಗಾಳಿ 12 ಪೌಂಡ್ ಇದ್ದರೆ ಆ ಭಾರ ಸುಮಾರು 770 ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ರಸ್ತೆಯ ಓಟಕ್ಕೆಂದು 24 ಪೌಂಡ್ ತುಂಬಿಸಿ ಹಾಗೆಯೇ ಹೊಲಕ್ಕಿಳಿಸಿದರೆ ನೆಲ ಮುಟ್ಟುವ ಜಾಗ ಅರ್ಧಕ್ಕಿಳಿಯುತ್ತದೆ, ಮೇಲ್ಮಣ್ಣಿನ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಮೇಲ್ಮಣ್ಣು ಎಷ್ಟು ನಲುಗುತ್ತದೆ ಎಂಬುದನ್ನು ಮುಖ್ಯವಾಗಿ ಗಾಳಿಯ ಒತ್ತಡ ನಿರ್ಧರಿಸಿದರೆ, ಪೆಟ್ಟು ಎಷ್ಟು ಆಳಕ್ಕಿಳಿಯುತ್ತದೆ ಎಂಬುದನ್ನು ಒಟ್ಟು ಭಾರ ನಿರ್ಧರಿಸುತ್ತದೆ. ಆದ್ದರಿಂದ ದೊಡ್ಡ ಯಂತ್ರಕ್ಕೆ ಅಗಲ ಟೈರು ಹಾಕಿದರೆ ಎಲ್ಲವೂ ಸರಿಹೋಯಿತು ಎಂಬ ಮಾರಾಟಗಾರರ ಮಾತು ಅರ್ಧಸತ್ಯ. ಹಾನಿಯ ಬಹುಪಾಲು ಮೊದಲ ಸಲ ಚಕ್ರ ಹಾಯುವಾಗಲೇ ಆಗಿಬಿಡುತ್ತದೆ. ಹೊಲದ ತುಂಬ ಮನಬಂದಂತೆ ಓಡಾಡಿದರೆ ತುಳಿಯದ ಅಂಗುಲ ಉಳಿಯುವುದಿಲ್ಲ.

ಇದರ ಮೇಲೆ ಚಕ್ರದ ಜಾರಾಟ. ಹಸಿ ಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಒಳ್ಳೆಯ ಟೈರೂ ಬೋಳು ಟೈರಾಗುತ್ತದೆ. ಚಾಲಕ ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತಾನೆ. ಚಕ್ರ ನಿಂತಲ್ಲೇ ತಿರುಗಿ ಮಣ್ಣನ್ನು ಕಲಸಿ, ಸವರಿ, ರಂಧ್ರಗಳನ್ನು ಮುಚ್ಚುತ್ತದೆ. ಅದು ಒಣಗಿದಾಗ ಇಟ್ಟಿಗೆ. ನೇಗಿಲಿನ ಆಳದ ಕೆಳಗೆ ಗಟ್ಟಿ ಪದರ ಕಟ್ಟಿಕೊಂಡರೆ ತೊಗರಿಯ ತಾಯಿಬೇರು ಅಡ್ಡ ತಿರುಗುತ್ತದೆ, ಮಳೆಯ ನೀರು ಒಳಗಿಳಿಯದೆ ಸೋಯಾದ ಬುಡದಲ್ಲಿ ನಿಲ್ಲುತ್ತದೆ, ಹಿಂಗಾರಿನ ಜೋಳಕ್ಕೆ ಒಳತೇವ ಸಾಲದು. ಬಹಮನಿಗಳ ಕಾಲದಲ್ಲಿ ನೌಬಾದಿನಲ್ಲಿ ಕಾರೇಜ್ ಎಂಬ ಸುರಂಗಗಳನ್ನು ತೋಡಿದವರು ನಂಬಿದ್ದು, ಬೀದರಿನ ನೆಲ ಮಳೆಯನ್ನು ಒಳಗೆ ಇಳಿಸಿಕೊಳ್ಳುತ್ತದೆ ಎಂಬ ಒಂದೇ ಗುಣವನ್ನು. ಆ ಗುಣವನ್ನೇ ಚಕ್ರದಡಿ ಕಳೆದುಕೊಂಡ ಮೇಲೆ ಕೊಳವೆಬಾವಿ ಇನ್ನೂರು ಅಡಿ ಆಳಕ್ಕೆ ಹೋದರೇನು, ಮುನ್ನೂರಕ್ಕೆ ಹೋದರೇನು?

ಕೇಳಿಬರುವ ಮೂರು ಸಮರ್ಥನೆಗಳು

ಎರೆಭೂಮಿ ಬೇಸಿಗೆಯಲ್ಲಿ ತಾನೇ ಬಿರಿದು ಸಡಿಲವಾಗುತ್ತದೆ ಎಂಬುದು ಮೊದಲನೆಯ ಸಮರ್ಥನೆ. ಮೇಲ್ಪದರದ ಮಟ್ಟಿಗೆ ಅದು ನಿಜ. ಆದರೆ ವರ್ಷವಿಡೀ ನೀರುಂಡು ಒಣಗಲು ಬಿಡುವೇ ಸಿಗದ ಕಬ್ಬಿನ ಗದ್ದೆಗೆ ಬಿರಿಯುವ ಭಾಗ್ಯವೆಲ್ಲಿ? ಕಟಾವಿನ ಕಾಲದಲ್ಲಿ ತುಂಬಿದ ಟ್ರೇಲರುಗಳು ತೇವ ಆರದ ಗದ್ದೆಯೊಳಗೇ ಇಳಿಯುತ್ತವೆ. ಟ್ರೇಲರಿನ ಟೈರು ರಸ್ತೆಗಾಗಿ ಮಾಡಿದ್ದು. ಕಿರಿದು, ಬಿಗಿ ಗಾಳಿಯದ್ದು. ಅದು ತುಳಿದು ಹೋದ ಸಾಲಿನಲ್ಲಿ ಕೂಳೆ ಕಬ್ಬು ಸೊರಗುವುದು ಯಾರಿಗೂ ಕಾಣದ ಸಂಗತಿಯಲ್ಲ.

ಎತ್ತಿನ ಗೊರಸೂ ನೆಲವನ್ನು ಒತ್ತುತ್ತದಲ್ಲ ಎಂಬುದು ಎರಡನೆಯದು. ಒತ್ತುತ್ತದೆ, ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಗೊರಸಿನ ಒತ್ತಡ ಟ್ರ್ಯಾಕ್ಟರಿನ ಟೈರಿಗಿಂತ ಹೆಚ್ಚೂ ಇರಬಹುದು. ಆದರೆ ಎತ್ತಿನ ಒಟ್ಟು ಭಾರ ಕಡಿಮೆ, ಹೆಜ್ಜೆ ಬಿಡಿ ಬಿಡಿ. ಅದರ ಪೆಟ್ಟು ಮೇಲೆಯೇ ಮುಗಿಯುತ್ತದೆ, ಮುಂದಿನ ಕುಂಟೆ ಅದನ್ನು ಅಳಿಸುತ್ತದೆ. ಆಳದಲ್ಲಿ ಕಟ್ಟಿದ ಪದರವನ್ನು ಕುಂಟೆ ಮುಟ್ಟಲಾರದು.

ಶಕ್ತಿಯ ಯಂತ್ರ ಕೊಂಡರೆ ಯಾವ ನೆಲದಲ್ಲೂ ಸಿಕ್ಕಿಬೀಳುವುದಿಲ್ಲ ಎಂಬುದು ಮೂರನೆಯದು, ಎಲ್ಲಕ್ಕಿಂತ ಅಪಾಯದ್ದು. ಹಿಡಿತವಿಲ್ಲದ ಶಕ್ತಿ ಜಾರಾಟವನ್ನಷ್ಟೇ ಹೆಚ್ಚಿಸುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಎಂಜಿನ್ ಗರ್ಜಿಸಿದರೆ ಭಾರವೆಲ್ಲ ಹಿಂದಕ್ಕೆ ಸರಿದು ಟ್ರ್ಯಾಕ್ಟರಿನ ಮುಂಚಕ್ರಗಳು ಮೇಲೇಳುತ್ತವೆ. ನೆಲ ಬಿಟ್ಟ ಮುಂಚಕ್ರಕ್ಕೆ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಆಟ ಈ ಅವಿವೇಕಕ್ಕೆ ಕೇಕೆ ಹಾಕುತ್ತದೆ. ಟ್ರೇಲರ್ ಕಟ್ಟಿಕೊಂಡು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳೂ ಈ ಭಾಗದಲ್ಲಿ ನಡೆಯುತ್ತವೆ. ಅಲ್ಲಿ ಗೆಲ್ಲುವುದು ಕೈಚಳಕ. ಬಹುಮಾನ ಸಲ್ಲಬೇಕಾದದ್ದು ಯಾವುದಕ್ಕೆ ಎಂಬುದನ್ನು ಜಾತ್ರಾ ಸಮಿತಿಗಳು ಯೋಚಿಸಲಿ.

ಗುಡ್ಡಕ್ಕೂ ಇದೇ ಮಾತು

ಎರೆಭೂಮಿಯ ಈ ಕಥೆ ಗುಡ್ಡದ ಊರುಗಳಿಗೆ ದೂರದ್ದಲ್ಲ. ಬಯಲಿನಲ್ಲಿ ಗಟ್ಟಿ ಪದರ ಕಟ್ಟುವ ಚಕ್ರ ಇಳಿಜಾರಿನಲ್ಲಿ ಮಣ್ಣನ್ನೇ ಕೊಚ್ಚಿಸುತ್ತದೆ. ಮೇಲಿಂದ ಕೆಳಕ್ಕೆ ಹಾಯ್ದ ಚಕ್ರದ ಜಾಡು ಮೊದಲ ಮಳೆಗೆ ಕಾಲುವೆ, ಮರುವರ್ಷಕ್ಕೆ ಕೊರಕಲು. ಮಲೆನಾಡಿನ ತೋಟದ ದಾರಿಗಳಲ್ಲಿ ಮಳೆಗಾಲಕ್ಕೆ ಜೀಪಿನ ಟೈರಿಗೆ ಸರಪಣಿ ಸುತ್ತುವುದು ಬದುಕಿನ ಅನಿವಾರ್ಯ. ಅಲ್ಲಿ ಚಾಲಕ ಮೊದಲ ಗೇರಿನಲ್ಲಿ ತಾಳ್ಮೆಯಿಂದ ಹತ್ತುತ್ತಾನೆ. ಆದರೆ ಕೆಸರು ಕೊರೆಯುವ ಟೈರು ತೊಡಿಸಿದ ಜೀಪುಗಳನ್ನು ಹುಲ್ಲುಗಾವಲಿಗೆ ಹತ್ತಿಸಿ ಚಕ್ರ ತಿರುಗಿಸಿ ಮಣ್ಣು ಹಾರಿಸುವುದನ್ನು ಸಾಹಸವೆಂದು ಕರೆಯುವವರಿಗೆ ಆ ಅನಿವಾರ್ಯವೂ ಇಲ್ಲ, ಆ ತಾಳ್ಮೆಯೂ ಇಲ್ಲ. ಹುಲ್ಲಿನ ಬೇರುಜಾಲ ಒಮ್ಮೆ ಹರಿದರೆ ಗುಡ್ಡದ ತೆಳು ಮಣ್ಣನ್ನು ಹಿಡಿದಿಡುವ ಕೈ ಬೇರೊಂದಿಲ್ಲ. ಮಣ್ಣು ಹಾರಿಸುವ ಚಾಲನೆ ಚಾಲನೆಯ ಸೋಲು. ಹಿಡಿತ ತಪ್ಪಿದ್ದಕ್ಕೆ ಅದು ಸಾಕ್ಷಿ.

ಇಳಿಜಾರಿನಲ್ಲಿ ಜೀವದ ಪ್ರಶ್ನೆಯೂ ಇದೆ. ಡೀಸೆಲ್ ಉಳಿಸಲೆಂದು ಟ್ರ್ಯಾಕ್ಟರನ್ನು ನ್ಯೂಟ್ರಲ್ಲಿನಲ್ಲಿ ಇಳಿಸಿದರೆ, ತನ್ನದೇ ಬ್ರೇಕಿಲ್ಲದ ಟ್ರೇಲರು ಅದನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ. ಎಡ ಬಲ ಬ್ರೇಕಿನ ಎರಡು ಪೆಡಲುಗಳನ್ನು ಕೊಂಡಿಯಿಂದ ಸೇರಿಸದೆ ರಸ್ತೆಗಿಳಿದರೆ ಒಂದೇ ಚಕ್ರ ಹಿಡಿದು ಯಂತ್ರ ಮಗುಚುತ್ತದೆ. ಇವುಗಳಿಗೆ ಮದ್ದು ರಸ್ತೆಯನ್ನು ಅಗಲಿಸಲು ಗುಡ್ಡ ಕಡಿಯುವುದರಲ್ಲಿ ಇಲ್ಲ. ಕೆಳಗಿನ ಗೇರಿನಲ್ಲಿದೆ, ಹಗುರ ಹೊರೆಯಲ್ಲಿದೆ.

ಆಗಬೇಕಾದದ್ದು

ರೈತನನ್ನೊಬ್ಬನನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆ ಯಂತ್ರವನ್ನು ಬಾಡಿಗೆಗೆ ಕೊಡುವ ಕೇಂದ್ರಗಳನ್ನು ತೆರೆಯಿತು. ಯಂತ್ರದ ಜೊತೆಗೆ ಯಂತ್ರದ ವಿವೇಕವನ್ನೂ ಕೊಡುವುದು ಇಂಥ ಕೇಂದ್ರಗಳ ಕರ್ತವ್ಯ. ಪ್ರತಿ ಕೇಂದ್ರದಲ್ಲಿ ಗಾಳಿ ಒತ್ತಡ ಅಳೆಯುವ ಮೀಟರು, ಹೊಲಕ್ಕಿಷ್ಟು ರಸ್ತೆಗಿಷ್ಟು ಎಂದು ಕನ್ನಡದಲ್ಲಿ ಬರೆದ ಫಲಕ, ಚಾಲಕರಿಗೆ ಹೊಲದಲ್ಲೇ ತರಬೇತಿ ಬೇಕು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ಪೇಟೆಂಟ್ ಪಡೆದ ರೇಡಿಯಲ್ ಟೈರು ಇಂದು ಕಾರುಗಳಲ್ಲೆಲ್ಲ ಇದೆ. ಪಕ್ಕೆ ಮೆದುವಾಗಿ ಬಾಗುವ ಆ ಟೈರು ಹೊಲದಲ್ಲಿ ಹೆಚ್ಚು ನೆಲ ಮುಟ್ಟುತ್ತದೆ, ಕಡಿಮೆ ಜಾರುತ್ತದೆ. ಬೆಲೆಯ ಕಾರಣಕ್ಕೆ ಅದು ಸಣ್ಣ ರೈತನ ಕೈಗೆ ಎಟುಕದಿದ್ದರೆ ಸರಕಾರದ ಸಹಾಯಧನ ಸಲ್ಲಬೇಕಾದದ್ದು ಅಲ್ಲಿಗೆ, ಇನ್ನಷ್ಟು ಅಶ್ವಶಕ್ತಿಗೆ ಅಲ್ಲ.

ಕಾಸಿಲ್ಲದೆ ಆಗುವ ಕೆಲಸಗಳೂ ಇವೆ. ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ತೆಳು ದಾರವಾದರೆ ಹದ ಬಂದಿಲ್ಲ. ಪುಡಿಯಾಗಿ ಉದುರಿದರೆ ಚಕ್ರ ಇಳಿಯಬಹುದು. ಹಿಂಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಹತ್ತು ಸುತ್ತಿಗೆ ಟ್ರ್ಯಾಕ್ಟರು ಎಷ್ಟು ದೂರ ಹೋಯಿತೆಂದು ಬರಿದಾಗಿ ಒಮ್ಮೆ, ನೇಗಿಲು ಹೂಡಿ ಒಮ್ಮೆ ಅಳೆಯಬಹುದು. ಬರಿದಾಗಿ 40 ಮೀಟರು ಹೋದದ್ದು ನೇಗಿಲು ಹೂಡಿದಾಗ 34ಕ್ಕೆ ಇಳಿದರೆ ಜಾರಾಟ ನೂರಕ್ಕೆ 15, ಅಲ್ಲಿಯವರೆಗೆ ಸಹ್ಯ. 30ಕ್ಕೆ ಇಳಿದರೆ ಡೀಸೆಲಿನ ಕಾಲುಭಾಗ ನೆಲವನ್ನು ಕೆಡಿಸಲೆಂದೇ ಸುಡುತ್ತಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ಟೇಪು ಹಿಡಿದು ತಮ್ಮೂರಿನ ಹೊಲಗಳಲ್ಲಿ ಇದನ್ನು ಮಾಡಿ ನೋಡಲಿ; ಚೂಪು ಸರಳೊಂದನ್ನು ನೆಲಕ್ಕೊತ್ತಿ ಗಟ್ಟಿ ಪದರ ಎಲ್ಲಿದೆಯೆಂದು ಗುರುತಿಸಲಿ. ಓಡಾಟಕ್ಕೆ ಹೊಲದಲ್ಲಿ ನಿಗದಿತ ಜಾಡುಗಳಿರಲಿ, ಟ್ರೇಲರು ಬದುವಿನಾಚೆಯೇ ನಿಲ್ಲಲಿ, ಇಳಿಜಾರಿನ ಉಳುಮೆ ಅಡ್ಡಲಾಗಿ ಸಾಗಲಿ. ಅಡ್ಡ ಉಳುಮೆಯಲ್ಲಿ ಟ್ರ್ಯಾಕ್ಟರು ಮಗುಚುವಷ್ಟು ಕಡಿದಾದ ನೆಲಕ್ಕೆ ಅದು ಹತ್ತದೇ ಇರಲಿ.

ಪಂದ್ಯದ ಕಾರಿನ ಚಾಲಕ ಟೈರು ತಪ್ಪಿ ಆರಿಸಿದರೆ ಒಂದು ಪಂದ್ಯ ಸೋಲುತ್ತಾನೆ. ಮುಂದಿನ ವಾರ ಇನ್ನೊಂದು ಪಂದ್ಯ ಇರುತ್ತದೆ. ಭಾತಂಬ್ರಾದ ರೈತನಿಗಾಗಲಿ ಗುಡ್ಡದ ರೈತನಿಗಾಗಲಿ ಇನ್ನೊಂದು ನೆಲ ಇಲ್ಲ.